ಮೀನಿಗೆ ಬಳೆ ಇಟ್ಟ ಮಹಬೂಬೀ

ಮಹಬೂಬೀಯ ಬಲಗೈ ಅವಳ ಮಾತು ಕೇಳುವುದನ್ನು ಬಿಟ್ಟದ್ದು ಹೋದ ವರ್ಷದ ಬೇಸಿಗೆಯಲ್ಲಿ. ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಏನೋ ಹೇಳುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ನೋಡಿದಳು. ಚಹಾದ ಕಪ್ ಕೈಯಿಂದ ಜಾರಿ ಮಡಿಲಿಗೆ ಬಿದ್ದಿದೆ, ಬಿಸಿ ಚಹಾ ಸೀರೆಯ ಮೇಲೆ ಹರಿಯುತ್ತಿದೆ, ಅವಳಿಗೆ ಮಾತ್ರ ಅದು ಬಿದ್ದದ್ದೇ ಗೊತ್ತಿಲ್ಲ.

"ಅಕ್ಕಾ, ನನ್ನ ಕೈ ಎಲ್ಲಿ ಅದ?" ಎಂದು ಕೇಳಿದಳು.

ಬಾಯಿಯೂ ಒಂದು ಕಡೆಗೆ ಜಗ್ಗಿತ್ತು. ನಾನು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡೆ. ಅವಳ ಮಗ ಜಹೀರ್ ಅಂಗಡಿಯಿಂದ ಓಡಿಬಂದು ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದ. ಲಕ್ವಾ ಎಂದರು. ಬೇಗ ತಂದದ್ದು ಚಲೋ ಆಯಿತು ಎಂದರು. ಬರಬರುತ್ತ ಬಾಯಿ ನೆಟ್ಟಗಾಯಿತು, ಕಾಲು ಎಳೆಯುತ್ತ ಎಳೆಯುತ್ತ ನಡಿಗೆಗೆ ಬಂತು. ಕೈ ಮಾತ್ರ ಅರ್ಧ ದಾರಿಯಲ್ಲೇ ನಿಂತಿತು. ಎತ್ತಿದರೆ ಏಳುತ್ತದೆ, ಹಿಡಿ ಎಂದರೆ ಹಿಡಿಯುತ್ತದೆ, ಆದರೆ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು ಅದಕ್ಕೂ ತಿಳಿಯದು, ಅವಳಿಗೂ ತಿಳಿಯದು.

ಬೇರೆಯವರಿಗೆ ಅಷ್ಟು ಸಾಕಾಗುತ್ತಿತ್ತೇನೋ. ಮಹಬೂಬೀ ಬಳೆಗಾರ್ತಿ.

ಅವಳನ್ನು ನಾನು ಮೊದಲು ಕಂಡದ್ದು ಗಬ್ಬೂರಿನಲ್ಲಿ. ನನ್ನ ತವರು ಮಾನ್ವಿ ಕಡೆಯ ಕುರ್ಡಿ, ಗಬ್ಬೂರಿಗೆ ಸೊಸೆಯಾಗಿ ಬಂದಿದ್ದೆ. ದೇವದುರ್ಗದಿಂದ ದಸ್ತಗೀರ್ ಸಾಬ್ ಎಂಬ ಬಳೆಗಾರ ಬರುತ್ತಿದ್ದ. ಬಣ್ಣ ಬಣ್ಣದ ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಕಟ್ಟಿದ ಮಲಾರ ಅವನ ಹೆಗಲ ಮೇಲೆ, ಎರಡು ಹೆಜ್ಜೆ ಹಿಂದೆ ಅವನ ಹೊಸ ಹೆಂಡತಿ. ಮಲಾರ ಇಳಿಸಿ ಬಿಚ್ಚಿ, ನಮ್ಮ ಕೈಯ ಅಳತೆಯನ್ನು ದೂರದಿಂದಲೇ ನೋಡಿ ಬಳೆ ಆರಿಸಿಕೊಡುವುದು ಅವನ ಕೆಲಸ, ಇಡುವುದು ಅವಳ ಕೆಲಸ. ಹೊಸ ಸೊಸೆಯರೆಲ್ಲ ಅವಳಿಗಾಗಿಯೇ ಕಾಯುತ್ತಿದ್ದೆವು. ಗಂಡಸಿನ ಕೈಗೆ ಕೈ ಕೊಟ್ಟು ಮುಖ ಆಚೆ ತಿರುಗಿಸಿ ಕೂರುವ ತ್ರಾಸ ತಪ್ಪಿತ್ತು.

ಬಳೆ ಇಡುವುದೆಂದರೆ ತಳ್ಳುವುದಲ್ಲ. ಒಂದು ಕೈಯಿಂದ ನಮ್ಮ ಅಂಗೈಯನ್ನು ಮಡಿಸಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಒತ್ತಿ ಹಿಡಿಯಬೇಕು. ಇನ್ನೊಂದು ಕೈಯಿಂದ ಬಳೆಯನ್ನು ತಿರುವುತ್ತ ತಿರುವುತ್ತ ಗೆಣ್ಣು ದಾಟಿಸಬೇಕು. ದಾಟುವವರೆಗೆ ಕೈ ಬಿಡುವಂತಿಲ್ಲ. ನಡುವೆ ಬಿಟ್ಟರೆ ಬಳೆ ಗೆಣ್ಣಿನ ಮೇಲೆ ಸಿಕ್ಕಿ ಛಳ್ ಎನ್ನುತ್ತದೆ. ಮಹಬೂಬೀ ಬಳೆ ಇಡುವಾಗ ನಮ್ಮ ಅತ್ತೆಯಂದಿರನ್ನು ಬೈಯುತ್ತಿದ್ದಳು, ನಾವು ನಗುತ್ತಿದ್ದೆವು. ನಕ್ಕಾಗ ಕೈ ಸಡಿಲಾಗುತ್ತದೆ, ಅಷ್ಟರಲ್ಲಿ ಬಳೆ ಮಣಿಕಟ್ಟಿಗೆ ಬಂದಿರುತ್ತಿತ್ತು.

ನಮ್ಮ ಮನೆಯಲ್ಲಿ ಯಾರ ಮದುವೆಯಾದರೂ, ಯಾವ ಬಸುರಿಗೆ ಕುಬಸ ಮಾಡಿದರೂ ಹಸಿರು ಬಳೆ ಅವಳ ಕೈಯಿಂದಲೇ. ನನ್ನ ನೆಗೆಣ್ಣಿ, ಅದೇ ಮನೆಯ ಇನ್ನೊಬ್ಬ ಸೊಸೆ ಗುರುಶಾಂತಮ್ಮನ ಮೊಮ್ಮಗಳು ಸ್ವಪ್ನಾ ಇನ್ನೂ ತೊಟ್ಟಿಲಲ್ಲಿದ್ದಾಗ ಅವಳ ಮುಷ್ಟಿ ಬಿಡಿಸಿ ಕರಿ ಬಳೆ ಹಾಕಿದವಳೂ ಇವಳೇ.

ನನ್ನ ಗಂಡ ತೀರಿಕೊಂಡ ಮೇಲೆ ನನ್ನ ಕೈಗೆ ಬಳೆ ನಿಂತವು. ಬಳೆಗಾರ್ತಿಗೆ ನಮ್ಮಂಥವರ ಹತ್ತಿರ ಏನು ಕೆಲಸ? ಆದರೂ ಅವಳು ಊರಿಗೆ ಬಂದಾಗ ಹಿತ್ತಲ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡು ಕುಳಿತು ಮಾತಾಡಿ ಹೋಗುತ್ತಿದ್ದಳು. ಮುಂದೆ ದಸ್ತಗೀರ್ ಸಾಬನೂ ಹೋದ. ನಲವತ್ತು ದಿನ ಕಳೆದ ಮೇಲೆ ಮಲಾರವನ್ನು ತಾನೇ ಹೆಗಲಿಗೆ ಹಾಕಿಕೊಂಡು ಕಲ್ಮಲದಿಂದ ಗಬ್ಬೂರಿನವರೆಗೆ ಊರೂರು ತಿರುಗಿದಳು. ಹೆಂಗಸು ಮಲಾರ ಹೊತ್ತದ್ದನ್ನು ಕಂಡು ನಕ್ಕವರಿದ್ದರು. "ನಗ್ರಿ, ನಗ್ರಿ, ಕೈ ಸಡಿಲ ಬಿಡ್ತದ" ಎಂದು ಅವರ ಎದುರಿಗೇ ಕೂರುತ್ತಿದ್ದಳು.

ನನ್ನ ಮಗ ಮೌನೇಶನಿಗೆ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಕೆಲಸವಾಗಿ ನಾನೂ ಶಹರಕ್ಕೆ ಬಂದಾಗ, ಓಣಿಯ ತುದಿಯ ಮನೆಯಿಂದ "ಅಕ್ಕಾ!" ಎಂದು ಕೂಗಿದವಳು ಅವಳೇ. ಜಹೀರ್ ತೀನ್ ಕಂದೀಲ್ ಹತ್ತಿರ ಮೊಬೈಲ್ ದುರಸ್ತಿ ಅಂಗಡಿ ಇಟ್ಟಿದ್ದ. ಶಹರದಲ್ಲಿ ಜನ ಅಂಗಡಿಯಲ್ಲೇ ಬಳೆ ಕೊಂಡು ತಾವೇ ಹಾಕಿಕೊಳ್ಳುತ್ತಾರೆ. ಆದರೂ ಹಳೆಯ ಊರುಗಳ ಮದುವೆ, ಕುಬಸಗಳಿಗೆ ಅವಳಿಗೆ ಕರೆ ಬರುತ್ತಿತ್ತು. ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಬಂದ ದಿನ ಅವಳ ಮುಖವೇ ಬೇರೆ ಇರುತ್ತಿತ್ತು.

ಹೀಗಿರುವಾಗ ಲಕ್ವಾ ಹೊಡೆಯಿತು. ಅದಾಗಿ ಕೆಲವು ತಿಂಗಳಿಗೆ ಸ್ವಪ್ನಾ ಬಸುರಿ ಎಂಬ ಸುದ್ದಿ ಬಂತು. ಏಳನೇ ತಿಂಗಳಲ್ಲಿ ಗಬ್ಬೂರಿನ ತವರು ಮನೆಯಲ್ಲಿ ಕುಬಸ ಮಾಡುವುದೆಂದಾಯಿತು. ಗುರುಶಾಂತಮ್ಮ ನನಗೆ ಫೋನು ಮಾಡಿದಳು.

"ಪಾಪ, ಮಾಬೂಬಿಗೆ ಈ ಸಲ ತ್ರಾಸ ಕೊಡೂದು ಬ್ಯಾಡವಾ. ದೇವದುರ್ಗದಾಗ ಬ್ಯಾರೆ ಬಳಿಗಾರ ಅದಾನಂತ, ಅವಂಗ ಹೇಳ್ತೀವಿ. ಬಸುರಿ ಕೈಯಾಗ ಬಳಿ ಒಡದ್ರ ಚಲೋ ಅಲ್ಲ ನೋಡು. ನೀನ ಹೇಳು ಆಕಿಗೆ, ನಾ ಹೇಳಿದ್ರ ಸಿಟ್ಟಾಗ್ತಾಳ."

ಹೇಳಿದೆ. ಸಿಟ್ಟಾಗಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಸ್ವಪ್ನಾನ ಕೈ ನನಗ ಗೊತ್ತದ ಅಕ್ಕಾ. ಹೆಬ್ಬೆಟ್ಟಿನ ಬುಡ ಬಿರುಸು. ಹೊಸಬ ಬಂದವ ಒಡೀತಾನ." ಆಮೇಲೆ ಹೇಳಿದಳು: "ನಿಮ್ಮ ಮನಿ ಬಿಟ್ಟಿತು ಅಂದ್ರ ಗಬ್ಬೂರಾಗ ಎಲ್ಲಾ ಮನಿ ಬಿಡ್ತಾವ. ಅಲ್ಲಿಗೆ ಮಲಾರ ಮುಗೀತು."

"ಮುಗೀಲಿ ಬಿಡಮ್ಮೀ" ಎಂದ ಜಹೀರ್. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. "ಎಷ್ಟ್ ದಿನ ಬಸ್ಸಿನಾಗ ಗಾಜು ಹೊತ್ಕೊಂಡು ತಿರಗ್ತಿ? ಆರಾಮ ಕುಂದ್ರು."

"ಆರಾಮ ಕುಂತಿದ್ದಕ್ಕೇ ಲಕ್ವಾ ಹೊಡದದ" ಎಂದಳು ಅವಳು.

ದವಾಖಾನೆಯಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು ದಿನಾ ಹಿಚುಕಲು ಹೇಳಿದ್ದಳು. ಎರಡು ದಿನ ಹಿಚುಕಿದಳು. ಮೂರನೇ ದಿನ ಚೆಂಡು ನಮ್ಮ ಮನೆಯ ಗಟಾರದ ಹತ್ತಿರ ಬಿದ್ದಿತ್ತು. "ನಾಯಿ ಆಡೂ ಚೆಂಡು ನನಗ ಕೊಟ್ಟಾಳ" ಎಂದು ಬೈದಳು. ಸೊಸೆ ಗುಲ್ನಾಜ್ ಎಷ್ಟು ಹೇಳಿದರೂ ಕೇಳಲಿಲ್ಲ.

ಆ ಹೊತ್ತಿನಲ್ಲಿ ಅವರ ಮನೆಗೆ ಒಂದು ವಿಡಿಯೋ ಆಟದ ಡಬ್ಬಿ ಬಂತು. ಜಹೀರ್ ಬಿಡಿಭಾಗಕ್ಕೆಂದು ಹೈದರಾಬಾದಿನಿಂದ ಕೆಟ್ಟ ಮೊಬೈಲುಗಳನ್ನು ಚೀಲಗಟ್ಟಲೆ ತರಿಸುತ್ತಾನೆ. ಒಂದು ಚೀಲದಲ್ಲಿ ಅದೂ ಇತ್ತು. ಕನ್ನಡಿ ಇರುವ ಕುಂಕುಮದ ಡಬ್ಬಿಯ ಹಾಗೆ ತೆರೆಯುತ್ತದೆ. ಮೇಲೊಂದು ಗಾಜು, ಕೆಳಗೊಂದು ಗಾಜು, ಎರಡೂ ಮೊಬೈಲಿನ ಪರದೆಯಂಥವು, ಪಕ್ಕದ ಸಂದಿನಲ್ಲಿ ಒಂದು ಸಣ್ಣ ಕಡ್ಡಿ. ಒಳಗೆ ಇದ್ದದ್ದು ಒಂದೇ ಆಟ, ಆ ಆಟವಿರುವ ಸಣ್ಣ ಬಿಲ್ಲೆ ಒಳಗೇ ಸಿಕ್ಕಿಕೊಂಡಿದೆ, ತೆಗೆಯಲು ಬರುವುದಿಲ್ಲ ಎಂದು ಜಹೀರ್ ಹೇಳಿದ. ಮಾರಲು ಆಗದ್ದು, ಮನೆಗೆ ತಂದ. ಬೇರೆ ಯಾವುದೋ ವೈರು ಬೆಸೆದು ಚಾರ್ಜಿಗೂ ದಾರಿ ಮಾಡಿಕೊಟ್ಟ.

ನಾನು ಹೋದಾಗ ಗುಲ್ನಾಜ್ ಒಲೆಯ ಪಕ್ಕದಲ್ಲೇ ಕುಳಿತು ಆಡುತ್ತಿದ್ದಳು. ಮಹಬೂಬೀ ಮಂಚದ ಮೇಲಿಂದ ಒದರುತ್ತಿದ್ದಳು.

"ಬ್ಯಾಳಿ ಸೀದು ವಾಸನಿ ಬರಾಕತ್ತದ, ನೀ ಮೀನ ಹಿಡಿಯಾಕತ್ತಿ?"

"ಹಿಡಿಯೂದಲ್ಲ ಅಮ್ಮೀ, ಸುತ್ತ ಗೆರಿ ಹೊಡೀಬೇಕು. ಒಂದೇ ಬಣ್ಣದ್ದು ಒಂದ ಗೆರ್ಯಾಗ ಬರಬೇಕು. ಬ್ಯಾರೆ ಬಣ್ಣದ್ದಕ್ಕ ತಾಗಿತೋ, ಮುಗೀತು."

"ತಾ ಇಲ್ಲಿ. ನೀ ಬ್ಯಾಳಿ ನೋಡು."

ಕೆಳಗಿನ ಗಾಜಿನಲ್ಲಿ ನೀರು, ನೀರಿನಲ್ಲಿ ಕೆಂಪು, ಹಸಿರು, ಹಳದಿ ಮೀನುಗಳು. ಕಡ್ಡಿಯಿಂದ ಗಾಜಿನ ಮೇಲೆ ಗೆರೆ ಎಳೆದರೆ ಅಲ್ಲಿ ಬೆಳಕಿನ ಗೆರೆ ಮೂಡುತ್ತದೆ. ಗೆರೆ ಸುತ್ತಿಬಂದು ಕೂಡಿದರೆ ಉಂಗುರ. ಉಂಗುರದೊಳಗಿನ ಮೀನು ಪುಟಿದು ಮೇಲಿನ ಗಾಜಿಗೆ ಹಾರುತ್ತವೆ. ಗೆರೆ ಬೇರೆ ಮೀನಿಗೆ ತಾಗಿದರೆ ಉಂಗುರ ಒಡೆಯುತ್ತದೆ, ಒಡೆದಾಗ ಗಾಜು ಬಿದ್ದ ಸಪ್ಪಳವಾಗುತ್ತದೆ. ಹೊತ್ತು ಹೋದಂತೆ ಮೀನು ಹೆಚ್ಚುತ್ತವೆ, ಓಟವೂ ಹೆಚ್ಚುತ್ತದೆ, ಗಾಜು ಮೀನಿನಿಂದ ತುಂಬಿಹೋದರೆ ಆಟ ಮುಗಿಯಿತು.

ಮಹಬೂಬೀ ಬಲಗೈಯಲ್ಲಿ ಕಡ್ಡಿ ಹಿಡಿದಳು. ಮೊದಲನೆಯ ಗೆರೆಯೇ ನಡುಗಿ ಪಕ್ಕದ ಮೀನಿಗೆ ತಾಗಿತು. ಛಳ್!

"ತೋಬಾ ತೋಬಾ!" ಎಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅದು ಬಳೆ ಒಡೆದ ಸಪ್ಪಳವೇ.

"ಸಪ್ಪಳ ಬಂದ್ ಮಾಡ್ಲೇನು ಅಮ್ಮೀ?"

"ನಕ್ಕೋ, ಬ್ಯಾಡ. ಇರ್ಲಿ. ಕೇಳಿದ್ರ ಕೈಗೆ ಅಂಜಿಕಿ ಇರ್ತದ."

ಅವಳಿಗೆ ಇನ್ನೊಂದು ತೊಡಕು ಬಂತು. ಉಂಗುರ ಕೂಡಿದ ಮೇಲೆ ಕಡ್ಡಿಯನ್ನು ಗಾಜಿನಿಂದ ಎತ್ತಬೇಕು. ಎತ್ತಿದರೇ ಮೀನು ಹಾರುವುದು. ಅವಳು ಎತ್ತುತ್ತಿರಲಿಲ್ಲ. ಹಿಡಿದ ಕೈ ಬಿಡಬಾರದು ಎಂಬುದು ಹರೆಯದಿಂದ ಅವಳ ಬೆರಳುಗಳಲ್ಲಿ ಕುಳಿತಿತ್ತು. ಉಂಗುರದ ಮೇಲೆ ಉಂಗುರ ಸುತ್ತುತ್ತ ಒತ್ತಿ ಹಿಡಿಯುವಳು, ಮೀನು ಒಳಗೇ ಗಿರಕಿ ಹೊಡೆಯುವವು, ಅಷ್ಟರಲ್ಲಿ ಹೊರಗಿನದೊಂದು ಬಂದು ಗೆರೆಗೆ ಹಾಯುವುದು, ಛಳ್!

"ಬಿಡ್ರಿ ಅಮ್ಮೀ, ಬಿಡ್ರಿ! ಕಡ್ಡಿ ಎತ್ರಿ!"

"ಹೆಂಗ ಬಿಡ್ಲೇ? ಇನ್ನಾ ಗೆಣ್ಣ ದಾಟಿಲ್ಲಲ್ಲ!"

"ಮೀನಿಗೆ ಎಲ್ಲಿ ಗೆಣ್ಣ ಅದ?" ಎಂದು ಗುಲ್ನಾಜ್ ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಮಹಬೂಬೀ ಮಾತ್ರ ನಗಲಿಲ್ಲ, ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಆ ದಿನ ಬೇಳೆ ಸೀದೇ ಹೋಯಿತು.

ಕಡ್ಡಿ ಬಹಳ ಸಣ್ಣದು, ಅವಳ ಬೆರಳಿಗೆ ನಿಲ್ಲದು. ನನ್ನ ಹಳೆಯ ಸೀರೆಯ ಅಂಚು ಹರಿದು ಸುತ್ತಿ, ದಾರ ಬಿಗಿದು ದಪ್ಪ ಮಾಡಿಕೊಟ್ಟೆ. ಡಾಕ್ಟರಮ್ಮನಿಗೆ ತೋರಿಸಿದಾಗ ಅವಳೂ ಒಪ್ಪಿ, ಚೆಂಡಿಗಿಂತ ಇದೇ ಚಲೋ, ಬಲಗೈಯಲ್ಲೇ ಆಡಿ ಎಂದಳಂತೆ. ಮನೆಯವರಿಗೂ ಸಮಾಧಾನವಾಯಿತು.

ಆಟ ಮುಗಿದ ಮೇಲೆ ಮೇಲಿನ ಗಾಜಿನಲ್ಲಿ ಆಡಿದವರ ಹೆಸರು ಬರುತ್ತಿತ್ತು. ಎಲ್ಲರಿಗಿಂತ ಮೇಲೆ ಒಂದು ಹೆಸರು, ಯಾವಾಗಲೂ ಅದೇ.

"ಏನಂತ ಅದ ಅದು?" ಎಂದು ಮಹಬೂಬೀ ಕೇಳಿದಳು.

"ವಿನೋದ ಅಂತ" ಎಂದು ಗುಲ್ನಾಜ್ ಓದಿದಳು.

"ಯಾರವ?"

"ನನಗೇನ್ ಗೊತ್ತು? ಮದಲ ಯಾರ ಹತ್ರ ಇತ್ತೋ ಅವರಿರಬೇಕು. ಅವ ಆಡಿದಷ್ಟು ಯಾರೂ ಆಡಿಲ್ಲ."

"ನಾ ಎಲ್ಲಿದೀನಿ?"

"ನೀವು ಇನ್ನಾ ಬಂದೇ ಇಲ್ಲ."

ಅಂದಿನಿಂದ ಕಂಡರಿಯದ ವಿನೋದನ ಮೇಲೆ ಅವಳ ಹಗೆ ಶುರುವಾಯಿತು. "ಕೆಲಸಾ ಇಲ್ಲ ಬೊಗಸಾ ಇಲ್ಲ, ದಿನಾ ಇದನ್ನ ಹಿಡ್ಕೊಂಡು ಕುಂತಿರಬೇಕು ಅವ" ಎನ್ನುವಳು. "ಅವರವ್ವ ಒಂದ್ ಮಾತು ಬೈಲಿಲ್ಲೇನು?" ಎನ್ನುವಳು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ತಾನು ಬೆಳತನಕ ಆಡುತ್ತಿದ್ದುದು ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ. ಗುಲ್ನಾಜ್ ಚೇಷ್ಟೆಗೆ "ಅಮ್ಮೀ, ವಿನೋದ ಸಲಾಂ ಹೇಳ್ಯಾನ" ಎಂದರೆ ಚಪ್ಪಲಿ ಹುಡುಕುವಳು.

ಗುಲ್ನಾಜ್ ಮಧ್ಯಾಹ್ನ ಬುತ್ತಿ ಒಯ್ದು ಜಹೀರನ ಅಂಗಡಿಯಲ್ಲೇ ಕೂರುತ್ತಿದ್ದಳು. ಆ ಹೊತ್ತು ಮಹಬೂಬೀ ಒಬ್ಬಳೇ. ಬರಬರುತ್ತ ಮೇಲಿನ ಗಾಜಿನಲ್ಲಿ ಅವಳ ಹೆಸರೂ ಬಂತು, ಒಂದೊಂದೇ ಮೆಟ್ಟಿಲು ಏರಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ಜಹೀರ್ ಪೇಡೆಯ ಪೊಟ್ಟಣ ಹಿಡಿದು ನಮ್ಮ ಬಾಗಿಲಿಗೆ ಬಂದ.

"ದೊಡ್ಡವ್ವಾ, ಅಮ್ಮೀ ವಿನೋದನ್ನ ಹಿಂದ ಹಾಕ್ಯಾಳ! ಕೈ ಬಂತು! ಗಬ್ಬೂರಿಗೂ ಫೋನ್ ಮಾಡಿ ಹೇಳೀನಿ."

ಮಲಾರ ಮುಗಿಯಲಿ ಎಂದವನು ಇವನೇ. ತಾಯಿಯ ಕೈ ಬಂತೆಂದು ಅವನಿಗೂ ಅಷ್ಟು ಸಂತೋಷ. ಗುರುಶಾಂತಮ್ಮನೂ ಹಿಗ್ಗಿ, "ಹಂಗಾದ್ರ ಆಕಿನೇ ಬರ್ಲಿ, ದೇವದುರ್ಗದವಂಗ ಬ್ಯಾಡ ಅಂತೀವಿ" ಎಂದು ಹೇಳಿಬಿಟ್ಟಿದ್ದಳು.

ಮರುದಿನ ಮಧ್ಯಾಹ್ನ ನಾನು ಅವಳ ಮನೆಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ತಳ್ಳಿದೆ. ಮಹಬೂಬೀ ಕಿಟಕಿಯ ಬೆಳಕಿಗೆ ಕುಳಿತು ಆಡುತ್ತಿದ್ದಳು. ನಾನು ಕಡ್ಡಿಗೆ ಸುತ್ತಿಕೊಟ್ಟ ಬಟ್ಟೆ ಬಿಚ್ಚಿ ಪಕ್ಕಕ್ಕೆ ಬಿದ್ದಿತ್ತು. ಸಣ್ಣ ಕಡ್ಡಿ ಅವಳ ಎಡಗೈಯಲ್ಲಿ ಸರಸರ ಓಡುತ್ತಿತ್ತು. ಬಲಗೈ ಡಬ್ಬಿಯ ಕೆಳಗೆ ಮಣೆಯ ಹಾಗೆ ಸುಮ್ಮನೆ ಮಲಗಿತ್ತು.

ನನ್ನನ್ನು ಕಂಡು ಬಚ್ಚಿಡಲಿಲ್ಲ. ಆಟ ನಿಲ್ಲಿಸಿ ಡಬ್ಬಿ ಮುಚ್ಚಿದಳು.

"ಎಂದಿನಿಂದ?" ಎಂದೆ.

"ಬಾಳ ದಿನ ಆತು. ಬಲಗೈಲೆ ಎಷ್ಟ್ ಹೊಡದ್ರೂ ಅವ ವಿನೋದ ಮ್ಯಾಲನ ಇದ್ದ. ಸಿಟ್ಟಿಗೆ ಒಂದ್ ದಿನ ಎಡಗೈಯಾಗ ಹಿಡದೆ. ಮದಲ ಚುಕ್ಕಿನೂ ಬರ್ಲಿಲ್ಲ. ಆಮ್ಯಾಲ ಬಂತು."

"ಜಹೀರ್ ಗಬ್ಬೂರಿಗೆ ಹೇಳ್ಯಾನಲ್ಲೇ! ನಿನ್ನ ಬಲಗೈ ಬಂತು ಅಂತ ಹೇಳ್ಯಾನ."

"ಅವ ಕೈ ಬಂತು ಅಂದಾನ. ಯಾವ ಕೈ ಅಂತ ಅಂದಿಲ್ಲ."

"ಹಸಿರು ಬಳಿ ಎಡಗೈಲೆ ಇಡಿಸ್ಕೊಳ್ತಾರೇನು? ಅಕ್ಕಿ ಕಾಳು ಎಡಗೈಲೆ ಕೊಟ್ರ ತಗೊಳ್ಳಂಗಿಲ್ಲ ಗುರುಶಾಂತವ್ವ."

ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು. ಎದ್ದು ಹೋಗಿ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಮಲಾರ ಎಳೆದುಕೊಂಡು ಬಂದಳು. ಲಕ್ವಾ ಹೊಡೆದ ಮೇಲೆ ಅದನ್ನು ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಹಸಿರು ಗಾಜಿನ ಬಳೆಗಳ ಒಂದು ಜೊತೆ ತೆಗೆದು, ಸೆರಗಿನಿಂದ ಒರೆಸಿದಳು.

"ಅವರು ಏನಂತಾರೋ ಆಮ್ಯಾಲ ನೋಡೋಣು. ಮದಲ ಈ ಕೈಗೆ ಬರ್ತದೋ ಇಲ್ಲೋ ನೋಡಬೇಕು. ಮೀನಿಗೆ ಎಲುಬಿಲ್ಲ, ಗೆಣ್ಣಿಲ್ಲ. ಗುಲ್ನಾಜನ ಕೈ ಬೆಣ್ಣಿ ಇದ್ದಂಗ ಅದ, ಅದರ ಮ್ಯಾಲ ಯಾರಾದ್ರೂ ಇಡ್ತಾರ. ನನಗ ಬಿರುಸು ಕೈ ಬೇಕು."

ನನ್ನ ಕೈಯನ್ನೇ ನೋಡುತ್ತಿದ್ದಳು.

"ಮಾಬೂಬಿ, ಹುಚ್ಚಿದ್ದೀಯೇನು? ನನ್ನ ಕೈಗೆ?"

"ಇಟ್ಟು ತಗೀತೀನಿ. ಬಾಗಲಾ ಹಾಕು. ನಿನ್ನ ಬಿಟ್ರ ಯಾರನ್ನ ಕೇಳ್ಲಿ ಅಕ್ಕಾ?"

ನಾನು ಎದ್ದು ಬಾಗಿಲಿನ ಅಗುಳಿ ಹಾಕಿಬಂದೆ. ಕುಳಿತೆ. ಕೈ ಕೊಟ್ಟೆ.

ಬಲಗೈಯಿಂದ ನನ್ನ ಅಂಗೈಯನ್ನು ಹಿಡಿದಳು. ಅದಕ್ಕೆ ಬಿಗಿ ತಿಳಿಯದು, ನೋಯುವಷ್ಟು ಒತ್ತಿತು. "ನೋಯ್ತದ" ಎಂದೆ, ಸಡಿಲ ಮಾಡಿದಳು. "ಈಗ?" ಎಂದಳು. "ಈಗ ಇಲ್ಲ." ಹೀಗೆ ಅವಳ ಕೈಗೆ ತಿಳಿಯದ್ದನ್ನು ನನ್ನ ಬಾಯಿ ಹೇಳುತ್ತ ಹೋಯಿತು. ಎಡಗೈ ಬಳೆಯನ್ನು ತಿರುವಿತು. ಮೊದಲನೆಯದು ಗೆಣ್ಣಿನ ಮೇಲೆ ಒಡೆದು ನನ್ನ ಚರ್ಮ ಸ್ವಲ್ಪ ಗೀರಿತು. ಅರಿಶಿನ ಹಚ್ಚಿದಳು, ಇನ್ನೊಂದು ತೆಗೆದಳು. ಅದು ನಿಧಾನವಾಗಿ, ಬಹಳ ನಿಧಾನವಾಗಿ ದಾಟಿ ಮಣಿಕಟ್ಟಿಗೆ ಬಂತು. ಆಮೇಲೆ ಇನ್ನೊಂದು, ಮತ್ತೊಂದು.

ಎಷ್ಟೋ ವರ್ಷದ ಮೇಲೆ ನನ್ನ ಕೈ ಅಲುಗಿದರೆ ಸಪ್ಪಳವಾಯಿತು. ಇಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡಿದೆವು.

"ಚಂದ ಕಾಣ್ತದ ಅಕ್ಕಾ."

"ತಗಿ ತಗಿ, ಸೊಸಿ ಬಂದಾಳು" ಎಂದೆ. ಸಾಬೂನು ಹಚ್ಚಿ ತೆಗೆದಳು.

ಕುಬಸದ ದಿನದವರೆಗೆ ಮಧ್ಯಾಹ್ನಗಳೆಲ್ಲ ಹೀಗೇ ಹೋದವು. ಆಟದ ಡಬ್ಬಿಯನ್ನು ಅವಳು ಗುಲ್ನಾಜನಿಗೇ ಬಿಟ್ಟುಕೊಟ್ಟಳು. ಬಳೆ ಒಡೆಯುವುದು ಕಡಿಮೆಯಾಯಿತು, ಆಮೇಲೆ ನಿಂತಿತು. ನನ್ನ ಮಣಿಕಟ್ಟಿನ ಗೀರುಗಳನ್ನು ಮೌನೇಶ ಕಂಡು ಕೇಳಿದ. ಬೆಕ್ಕು ಪರಚಿತು ಎಂದೆ.

ಕುಬಸದ ಬೆಳಿಗ್ಗೆ ಇಬ್ಬರೂ ಗಬ್ಬೂರಿನ ಮೇಲೆ ಹಾಯುವ ದೇವದುರ್ಗದ ಬಸ್ಸು ಹತ್ತಿದೆವು. ಮಲಾರ ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಕುಳಿತಿತ್ತು. ಕಂಡಕ್ಟರ್ ಕೆಳಗಿಡಿ ಎಂದ. "ನೀ ನನ್ನ ಕೆಳಗ ಕುಂದ್ರಸು, ಇದನ್ನ ಇಡಂಗಿಲ್ಲ" ಎಂದಳು ಮಹಬೂಬೀ. ಅವನು ನಕ್ಕು ಮುಂದೆ ಹೋದ. ಕಲ್ಮಲ ದಾಟಿದ ಮೇಲೆ ನಾನು ಕೇಳಿದೆ.

"ಅಲ್ಲಿ ಏನಂತ ಹೇಳ್ತಿ?"

"ಇದ್ದದ್ದು ಹೇಳ್ತೀನಿ."

"ಫೋನಿನ್ಯಾಗ ಹೇಳಬೇಕಿತ್ತು."

"ಫೋನಿನ್ಯಾಗ ಬ್ಯಾಡ ಅನ್ನೂದು ಸಸಾರ ಅಕ್ಕಾ. ಎದುರಿಗೆ ಕುಂತವರಿಗೆ ಬ್ಯಾಡ ಅನ್ನಾಕ ತ್ರಾಸ ಆಗ್ತದ. ಅಷ್ಟಾದ್ರೂ ತ್ರಾಸ ತಗೊಳ್ಳಲಿ ಗುರುಶಾಂತವ್ವ."

ಗುರುಶಾಂತಮ್ಮನ ಪಡಸಾಲೆಯ ತುಂಬ ಹೆಂಗಸರಿದ್ದರು. ನಡುವೆ ಮಣೆಯ ಮೇಲೆ ಹಸಿರು ಸೀರೆ ಉಟ್ಟ ಸ್ವಪ್ನಾ, ಜಡೆಗೆ ಹೂವಿನ ದಂಡೆ. ನನ್ನಂಥವಳು ಮುಂದೆ ಕೂರುವಂತಿಲ್ಲ, ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಮಹಬೂಬೀ ಸ್ವಪ್ನಾಳ ಎದುರಿಗೆ ಕುಳಿತು ಮಲಾರ ಬಿಚ್ಚಿದಳು. ಬಿಚ್ಚಿ, ಬಳೆಗೆ ಕೈ ಹಾಕದೆ, ಗುರುಶಾಂತಮ್ಮನ ಕಡೆ ತಿರುಗಿದಳು.

"ಗುರುಶಾಂತವ್ವಾ, ಮದಲ ಒಂದ್ ಮಾತು. ನನ್ನ ಬಲಗೈ ಬಂದಿಲ್ಲ. ಹಿಡಿಯೂದಷ್ಟೇ ಬಂದದ. ಬಳಿ ಇಡೂದು ಎಡಗೈಲೆ."

ಪಕ್ಕದ ಮನೆಯ ಬಂಡೆಮ್ಮ, "ಅಯ್ಯ, ಎಡಗೈಲೆ? ಚೊಚ್ಚಲ ಬಸುರಿಗೆ?" ಎಂದಳು.

ಗುರುಶಾಂತಮ್ಮನ ಮುಖ ಕೆಂಪಾಯಿತು. "ಜಹೀರ್ ಹಂಗ ಹೇಳಿಲ್ಲಲ್ಲಬೇ!"

"ಅವಂಗ ಗೊತ್ತಿಲ್ಲ. ಅವನ್ನ ಬೈಬ್ಯಾಡ್ರಿ."

"ಒಂದ್ ಕೆಲಸಾ ಮಾಡು. ಮದಲನೇದು ಒಂದು ಬಲಗೈಲೆ ಇಡು, ಶಾಸ್ತ್ರಕ್ಕ. ಉಳದದ್ದು ಹ್ಯಾಂಗರ ಇಡು."

"ಇಲ್ರಿ. ಬಲಗೈಲೆ ಇಟ್ರ ಒಡೀತದ. ಒಡೀತದ ಅಂತ ಗೊತ್ತಿದ್ದು ಇಡಾಂಗಿಲ್ಲ."

"ಹಂಗಾದ್ರ ಹ್ಯಾಂಗ? ಇಷ್ಟ್ ಮಂದಿ ಮುಂದ ಎಡಗೈಲೆ..."

"ಗುರುಶಾಂತವ್ವಾ, ನಿಮ್ಮ ಮದುವ್ಯಾಗಿನ ಮಾತು ಬಿಡ್ರಿ, ನಿಮ್ಮ ಸೊಸಿ ಬಂದಾಗ ಯಾರು ಇಟ್ಟಿದ್ರು?"

"ನೀನ ಇಟ್ಟಿದ್ದಿ."

"ಅವಾಗ ನನ್ನ ಎಡಗೈ ಎಲ್ಲಿತ್ತು? ಮನ್ಯಾಗ ಬಿಟ್ಟು ಬಂದಿದ್ನೇನು? ನಿಮ್ಮ ಕೈ ಹಿಡದದ್ದು, ಒತ್ತಿದ್ದು ಎಲ್ಲಾ ಇದ ಕೈ. ಎರಡು ಕೈ ಇಲ್ಲದ ಬಳಿ ಹೋಗಂಗಿಲ್ಲ. ಈಗ ಇದರ ಕೆಲಸ ಅದು ಮಾಡ್ತದ, ಅದರ ಕೆಲಸ ಇದು ಮಾಡ್ತದ." ದನಿ ತಗ್ಗಿಸಿ ಹೇಳಿದಳು: "ಇಷ್ಟ್ ವರ್ಷ ಗಂಡ ಇಲ್ಲದಾಕಿ ಕೈಲೆ ಹಸಿರು ಬಳಿ ಇಡಿಸ್ಕೊಂಡ್ರಿ. ಅದನ್ನ ಯಾರೂ ಕೇಳ್ಲಿಲ್ಲ. ದೊಡ್ಡ ಮಂದಿ ನೀವು. ಈಗ ಎಡಗೈ ಕೇಳ್ತೀರೇನು?"

ಬಂಡೆಮ್ಮ ಸೆರಗು ಸರಿಮಾಡಿಕೊಂಡಳು. ಸ್ವಪ್ನಾ, "ನನಗ ನಡೀತದ ಆಯಿ, ನೀ ಇಡಬೇ" ಎಂದು ಕೈ ಚಾಚಿದಳು. ಮಹಬೂಬೀ ಆ ಕೈ ಮುಟ್ಟಲಿಲ್ಲ.

"ಹಿರ್ಯಾರು ಅನ್ಲಿ ಮಗಳ. ಇಲ್ಲಾಂದ್ರ ನಾ ಮಲಾರ ಕಟ್ಟಿ, ಊಟ ಮಾಡಿ, ಸಂಜಿ ಬಸ್ಸಿಗೆ ಹೋಗ್ತೀನಿ. ಸಿಟ್ಟಿಲ್ಲ."

ನನಗೂ ಎದ್ದು ಹೇಳಬೇಕೆನಿಸಿತು, ನನ್ನ ಕೈ ತೋರಿಸಬೇಕೆನಿಸಿತು. ಆದರೆ ಅಂಥ ಹೊತ್ತಿನಲ್ಲಿ ನಾನು ಎದ್ದರೆ ಇನ್ನೊಂದು ಅಪಶಕುನವಾದೀತೆಂದು ಕುಳಿತೇ ಇದ್ದೆ.

ಗುರುಶಾಂತಮ್ಮ ಒಮ್ಮೆ ಸ್ವಪ್ನಾಳನ್ನು ನೋಡಿದಳು, ಒಮ್ಮೆ ಮಲಾರವನ್ನು ನೋಡಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ನಿಧಾನವಾಗಿ ಬಂದು ಸ್ವಪ್ನಾಳ ಪಕ್ಕದಲ್ಲಿ ಕುಳಿತು, ತನ್ನ ಕೈಯನ್ನೇ ಚಾಚಿದಳು. ಕೀಲುನೋವಿನಿಂದ ಬೆರಳುಗಳೆಲ್ಲ ಗಂಟು ಕಟ್ಟಿದ ಕೈ. ಗಂಡ ಗಡಿಗೆಪ್ಪ ಗಟ್ಟಿಯಾಗಿರುವ ಮುತ್ತೈದೆ ಅವಳು. ಆದರೂ ಗೆಣ್ಣು ದಾಟಿ ಹೊಸ ಬಳೆ ಹೋಗುವುದಿಲ್ಲವೆಂದು ಅದೆಷ್ಟೋ ಕಾಲದಿಂದ ಹಳೆಯ ಬಳೆಗಳನ್ನೇ ಇಟ್ಟುಕೊಂಡಿದ್ದಳು.

"ಮದಲ ನನಗ ಇಡು. ನೋಡ್ತೀನಿ" ಎಂದಳು.

ಮಹಬೂಬೀ ಹಸಿರು ಬಳೆಯೊಂದನ್ನು ಆರಿಸಿದಳು. ಬಲಗೈಯಲ್ಲಿ ಆ ಗಂಟು ಕೈಯನ್ನು ಹಿಡಿದಳು. "ನೋಯ್ತದೇನ್ರಿ?"

"ಹೂಂ, ಒಂಚೂರು."

"ಈಗ?"

"ಇಲ್ಲ."

"ಹಲ್ಲ ಕಚ್ಚಬ್ಯಾಡ್ರಿ. ಕೈ ಬಿರುಸಾಗ್ತದ. ನಿಮ್ಮತ್ತಿನ್ನ ನೆನಸ್ರಿ. ನಿಮಗ ಒಂದ್ ರೊಟ್ಟಿ ಹೆಚ್ಚು ಹಾಕಿದ್ರ ಹೊಟ್ಟಿನೋವು ಬರ್ತಿತ್ತಲ್ಲ ಆಕಿಗೆ?"

"ಬಿಡಬೇ, ಸತ್ತಾಕಿ ಮಾತು..." ಎನ್ನುತ್ತಲೇ ಗುರುಶಾಂತಮ್ಮನಿಗೆ ನಗು ತಡೆಯಲಾಗಲಿಲ್ಲ. ಎಡಗೈ ಬಳೆಯನ್ನು ತಿರುವಿತು, ಒಂದು ಗಂಟು ದಾಟಿಸಿತು, ನಿಂತಿತು, ಮತ್ತೆ ತಿರುವಿತು. ಉಸಿರು ಹಿಡಿದು ನೋಡುತ್ತಿದ್ದ ಹೆಂಗಸರ ನಡುವೆ ಬಳೆ ಮಣಿಕಟ್ಟಿಗೆ ಇಳಿದು ಹಳೆಯ ಬಳೆಗಳಿಗೆ ತಾಗಿ ಸಪ್ಪಳ ಮಾಡಿತು.

ಗುರುಶಾಂತಮ್ಮ ಕೈ ಎತ್ತಿ ಬೆಳಕಿಗೆ ಹಿಡಿದಳು, ತಿರುಗಿಸಿ ನೋಡಿದಳು.

"ಒಂದಽ ಇಟ್ರ ಹ್ಯಾಂಗ? ಇನ್ನೊಂದು ಇಡು" ಎಂದಳು. ಎರಡನೆಯದೂ ಹೋಯಿತು. ಆಗ ಮೊಮ್ಮಗಳ ಕಡೆ ತಿರುಗಿ, "ಕೈ ಕೊಡಬೇ ಸ್ವಪ್ನಾ, ಹೊತ್ತಾತು" ಎಂದಳು.

ಸ್ವಪ್ನಾಳ ಹೆಬ್ಬೆರಳ ಬುಡ ಬಿರುಸೇ ಇತ್ತು. ಬಳೆ ಇಡುತ್ತ ಮಹಬೂಬೀ ಅವಳ ಅತ್ತೆಯ ಹೆಸರು ಕೇಳಿ ಬೈಯಲು ಶುರುಮಾಡಿದಳು. ಅತ್ತೆ ಅಲ್ಲೇ ಕುಳಿತಿದ್ದಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ. ಎರಡೂ ಕೈಗೆ ಹಸಿರು ಬಳೆ ತುಂಬಿದವು, ಒಂದೂ ಒಡೆಯಲಿಲ್ಲ. ಆರತಿ ಎತ್ತಿದರು, ಉಡಿ ತುಂಬಿದರು.

ಊಟವಾದ ಮೇಲೆ ಬಂಡೆಮ್ಮ ಬಂದು ಮಹಬೂಬೀಯ ಹತ್ತಿರ ಕುಳಿತಳು. ಕೈ ಮುಂದೆ ಮಾಡಿದಳು. ಅವಳ ಹಿಂದೆ ಸೊಸೆ, ಸೊಸೆಯ ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು. ಅಷ್ಟು ಹೊತ್ತಿಗೆ ಜಹೀರನ ಫೋನು ಬಂತು. ಮಹಬೂಬೀಯ ಕೈ ಖಾಲಿ ಇರಲಿಲ್ಲ, ನಾನೇ ಅವಳ ಕಿವಿಗೆ ಹಿಡಿದೆ.

"ಅಮ್ಮೀ, ಕೆಲಸ ಆತೇನು? ಸಂಜಿ ಬಸ್ಸಿಗೆ ಬರ್ತೀರಲ್ಲ? ನಿಲ್ದಾಣಕ್ಕ ಬರ್ಲೇನು?"

"ಇವತ್ತು ಬರಂಗಿಲ್ಲ ಬೇಟಾ" ಎಂದಳು ಅವಳು, ಬಂಡೆಮ್ಮನ ಕೈಯಿಂದ ಕಣ್ಣು ತೆಗೆಯದೆ. "ಇಲ್ಲಿ ಇನ್ನಾ ಕೈ ಅದಾವ."